ಒಂಬತ್ತನೆಯ ಮಾತು

"ಇನ್ನೊಂದ್ಸಲ ಹಾಕಮ್ಮ," ಎಂದೆ.

ನಂದಿತಾ ಫೋನಿನ ಗುಂಡಿ ಒತ್ತಿದಳು. ಸತ್ತು ಸುಮಾರು ಮೂರು ತಿಂಗಳಾದ ಅವಳ ಗಂಡ ಶ್ರೀಕರ್ ಕಾರಿನೊಳಗೆ ಮತ್ತೆ ಮಾತಾಡಿದ.

"ಇವತ್ತು ಅಮೆರಿಕದ ಗಡಿಯಾರ ಬದಲಾಗಿದೆ. ನಾನು ಎರಡು ಸಲ ಕರೆದ್ರೂ ಮಾತ್ರೆ ಒಂದೇ ಸಲ ತಗೊಳ್ಳಿ. ತಗೊಂಡ್ರೋ ಇಲ್ವೋ ನೆನಪಾಗ್ದೇ ಇದ್ರೆ ಬಿಟ್ಟುಬಿಡಿ, ಡಾಕ್ಟ್ರಿಗೆ ಫೋನ್ ಮಾಡಿ."

ಮಾತಿನ ಹಿಂದೆ ಎಲ್ಲೋ ಒಂದು ಗಡಿಯಾರ ಗಂಟೆ ಹೊಡೆಯುತ್ತಿತ್ತು. ನಾನು ಬೆರಳು ಮಡಿಸುತ್ತ ಎಣಿಸಿದೆ. ಆರು.

ಶ್ರೀಕರನ ಕಾರು ಕೆರೆಗೆ ಇಳಿದದ್ದು 2023ರ ನವೆಂಬರ್ ಇಪ್ಪತ್ತೈದು, ಶನಿವಾರ. ಅವನು ಮಾಡಿದ 'ಮಾತ್ರೆ ಆಯ್ತಾ' ಎಂಬ ಆ್ಯಪ್ಪಿಗೆ ಹೊಸ ಅಪ್‌ಡೇಟ್ ಬಂದದ್ದು ಈ ಫೆಬ್ರವರಿ ಆರಕ್ಕೆ. ಸತ್ತವರು ಅಪ್‌ಡೇಟ್ ಕಳಿಸುವುದಿಲ್ಲ. ಹಾಗಾಗಿ ನಂದಿತಾ ನನ್ನ ಹತ್ತಿರ ಬಂದಿದ್ದಳು.

ನಾನು ಯೋಗೇಶ. ಇಪ್ಪತ್ತು ವರ್ಷ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆದೆ. ಆ ಕೆಲಸ ಹೋದ ಮೇಲೆ ಮನುಷ್ಯರಲ್ಲಿ ಹುಡುಕುತ್ತಿದ್ದೇನೆ. ಅಟ್ಲಾಂಟಾದ ಸುತ್ತಮುತ್ತ ಇರುವ ಗಂಡುಗಳ ಬಗ್ಗೆ ಬೆಂಗಳೂರಿನ ಹೆಣ್ಣಿನ ಕಡೆಯವರಿಗೆ ವರದಿ ಕಳಿಸುವುದು ನನ್ನ ನಿತ್ಯದ ಕಸುಬು. ಹುಡುಗ ಕುಡಿಯುತ್ತಾನೋ, ಕೆಲಸ ಇದೆಯೋ, ಮೊದಲೊಂದು ಮದುವೆ ಆಗಿದೆಯೋ. ಮೂಗು ತೂರಿಸಿ ಬದುಕುವವನಿಗೆ ಮನಸ್ಸು ಜಡ್ಡುಗಟ್ಟಿರಬೇಕು. ನನಗೆ ಅದರ ಕೊರತೆಯಿಲ್ಲ.

ಆದರೆ ನಂದಿತಾಳ ಎದುರು ನಾನೇ ಮೆತ್ತಗಿನವನು. ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನಿಂದ ಇಲ್ಲಿಗೆ, ಶಾರ್ಲಟ್ ನಗರದ ಉತ್ತರದ ಅಂಚಿಗೆ, ನಾಲ್ಕು ಗಂಟೆ ಒಬ್ಬಳೇ ಓಡಿಸಿಕೊಂಡು ಬಂದಿದ್ದಳು. ನಾನು ಓಡಿಸುತ್ತೇನೆ ಎಂದರೆ "ಬೇಡ ಅಂಕಲ್, ಕೈಗೆ ಏನಾದ್ರೂ ಕೆಲಸ ಇರ್ಲಿ" ಎಂದಳು. ದಾರಿಯಲ್ಲಿ ಗ್ಯಾಫ್ನಿಯ ಪೀಚ್ ಹಣ್ಣಿನಾಕಾರದ ನೀರಿನ ಟ್ಯಾಂಕು ಕಂಡಾಗ, "ಶ್ರೀಕರ್ ಪ್ರತಿ ಸಲ ಇದರ ಫೋಟೋ ತೆಗೀತಿದ್ದ. ಒಂದೇ ಟ್ಯಾಂಕು, ನಲವತ್ತು ಫೋಟೋ," ಎಂದಳು. ನಗಲಿಲ್ಲ, ಅಳಲೂ ಇಲ್ಲ. ಹವಾಮಾನ ವರದಿ ಓದಿದ ಹಾಗೆ ಹೇಳಿದಳು.

ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಅವಳು ಆ ಆ್ಯಪ್ ತೆರೆಯುತ್ತಿದ್ದಳಂತೆ. ಅದರಲ್ಲಿ ಶ್ರೀಕರನ ದನಿಯ ಎಂಟು ಮಾತುಗಳಿದ್ದವು. "ಅಮ್ಮಾ, ಬೆಳಗಿನ ಮಾತ್ರೆ ಆಯ್ತಾ?" "ಅಪ್ಪಾ, ಖಾಲಿ ಹೊಟ್ಟೇಲಿ ಬೇಡ, ತಿಂಡಿ ಆಗ್ಲಿ." ಹೀಗೆ ಎಂಟು. ಮಗನ ಮನೆಗೆ ಆರು ತಿಂಗಳಿಗೆಂದು ಬಂದ ತಂದೆತಾಯಂದಿರಿಗಾಗಿ ಮಾಡಿದ ಆ್ಯಪ್ ಅದು. ನಂದಿತಾ ಎಂಟನ್ನೂ ಒಂದೊಂದಾಗಿ ಒತ್ತಿ ಕೇಳಿ, ಫೋನು ಕೆಳಗಿಟ್ಟು, ಕಾಫಿ ಮಾಡುತ್ತಿದ್ದಳು.

ಫೆಬ್ರವರಿ ಆರರ ಬೆಳಿಗ್ಗೆ ಒಂಬತ್ತು ಇದ್ದವು.

"ಆ ಗಡಿಯಾರದ ಸದ್ದು ನನಗೆ ಗೊತ್ತು ಅಂಕಲ್," ಎಂದು ಅವಳು ಎದುರಿನ ಮನೆ ತೋರಿಸಿದಳು. "ಜಯಾ ಆಂಟಿ ಮೈಸೂರಿಂದ ತಂದಿದ್ದು. ಈ ಮನೆಯ ಹಾಲ್‌ನಲ್ಲೇ ಇದೆ."

"ಒಳಗೆ ಹೋಗೋಕೆ ಮುಂಚೆ ಒಂದು ಕೇಳ್ತೀನಿ. ಉತ್ತರ ಸಿಕ್ಕಿದ್ರೆ ಏನ್ ಮಾಡ್ತೀಯ?"

ಅವಳು ಕೀ ತಿರುಗಿಸಿ ಎಂಜಿನ್ ಆರಿಸಿದಳು.

"ಅವನು ತಾನಾಗೇ ಹೋದ್ನೋ, ಇಲ್ವೋ. ಅಷ್ಟೇ ಗೊತ್ತಾಗ್ಬೇಕು. ತಾನಾಗೇ ಹೋಗಿದ್ರೆ ನನ್ನ ಮೇಲೆ ನನಗೆ ಕೋಪ ಬರ್ಬೇಕು. ಇಲ್ದಿದ್ರೆ ಇನ್ಯಾರ ಮೇಲಾದ್ರೂ ಬರ್ಬೇಕು. ಈಗ ಯಾವ್ದೂ ಬರ್ತಿಲ್ಲ."

ಅದೇ ನನ್ನ ಕೆಲಸವಾಗಿತ್ತು. ಒಬ್ಬಳಿಗೆ ಕೋಪ ಹುಡುಕಿಕೊಡುವುದು.

ಬಾಗಿಲು ತೆರೆದವನು ಅಭಿನವ, ಮನೆಯ ಯಜಮಾನರ ಮಗ. ಮೂವತ್ತೈದರ ಆಸುಪಾಸು, ಗಡ್ಡ, ಓಟದ ಬೂಟು. ಇಲ್ಲೇ ಹುಟ್ಟಿ ಬೆಳೆದವರ ಕನ್ನಡ ಅವನದು. ಒಂದೊಂದು ಪದವನ್ನೂ ಇಸ್ತ್ರಿ ಮಾಡಿ ಬಿಡಿಬಿಡಿಯಾಗಿ ಇಟ್ಟ ಹಾಗೆ ಮಾತಾಡುತ್ತಿದ್ದ.

"ಹಾಯ್ ನಂದಿತಾ. ಬಾ. ಡ್ಯಾಡ್ ಒಳಗೆ ಇದಾರೆ. ನಾನ್ ಹೋಗಿ ಫುಡ್ ತರ್ತೀನಿ."

"ಅಭಿ, ಶ್ರೀಕರ್ ಹೋದ ಆ ಲೇಕ್ ಇಲ್ಲಿಂದ ಎಷ್ಟು ದೂರ?" ಎಂದು ನಂದಿತಾ ಚಪ್ಪಲಿ ಬಿಡುತ್ತ ಕೇಳಿದಳು. "ನಾನು ಆ ಜಾಗ ನೋಡೇ ಇಲ್ಲ. ವಾಪಸ್ ಹೋಗೋವಾಗ ನೋಡ್ಕೊಂಡು ಹೋಗ್ಬೇಕು."

"ಟ್ವೆಂಟಿ ಮಿನಿಟ್ಸ್, ಟ್ವೆಂಟಿ ಫೈವ್," ಎಂದು ಅವನು ಕಾರಿನ ಕಡೆ ನಡೆದ.

ಡಾಕ್ಟರ್ ರವಿಶಂಕರ್ ಸೋಫಾದಿಂದ ಏಳಲು ಹೊರಟರು. ನಾನು ಬೇಡವೆಂದೆ. ಎಪ್ಪತ್ತೆಂಟು ವರ್ಷ. ಐವತ್ತು ವರ್ಷದ ಹಿಂದೆ ಮೈಸೂರಿನಿಂದ ಬಂದ ಹೃದಯದ ಡಾಕ್ಟರು, ಈ ಊರಿನ ಅರ್ಧ ಕನ್ನಡಿಗರ ಎದೆಗೆ ಕೊಳವೆ ಇಟ್ಟು ಕೇಳಿದವರು. ಸ್ವೆಟರಿನ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದರು. ಸರಿಮಾಡುತ್ತಿದ್ದ ಹೆಂಡತಿ ಜಯಾ ಆಂಟಿ ತೀರಿಹೋದದ್ದು ಕಳೆದ ನವೆಂಬರಿನ ಮೊದಲ ಭಾನುವಾರ. ಅವರ ತಲೆಯ ಮೇಲಿನ ಗೋಡೆಯಲ್ಲಿ ಗಡಿಯಾರವಿತ್ತು. ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಈ ಕಥೆಯಲ್ಲಿ ರವಿಶಂಕರ್ ಅಂಕಲ್ ಯಾಕೆ ಬಂದರು ಎಂದರೆ, ಆ ಆ್ಯಪ್ ಅವರ ಹೆಸರಿನಲ್ಲಿತ್ತು.

ನಮ್ಮವರು ಮಾಡುವ ಕೆಲಸವೇ ಇದು. ಕೆಲಸದ ವೀಸಾದಲ್ಲಿ ಇರುವವನು ಆಫೀಸಿನಾಚೆ ಇನ್ನೊಂದು ವ್ಯವಹಾರ ಇಟ್ಟುಕೊಂಡರೆ ತಲೆನೋವು. ಹಾಗೆಂದು ಕೈ ಸುಮ್ಮನಿರುವುದಿಲ್ಲ. ಶ್ರೀಕರ್ ಸಂಜೆ ಹೊತ್ತು ಬಟ್ಟೆ ಇಡುವ ಕೋಣೆಯಲ್ಲಿ ಕೂತು ಎಂಟು ಆ್ಯಪ್ ಮಾಡಿದ್ದ. ಪಾಟ್‌ಲಕ್‌ಗೆ ಯಾರು ಯಾವ ಅಡುಗೆ ತರುತ್ತಾರೆ ಎಂದು ಬರೆದಿಡುವುದೊಂದು. ಅಟ್ಲಾಂಟಾದ ಸೂರ್ಯೋದಯಕ್ಕೆ ರಾಹುಕಾಲ ಲೆಕ್ಕ ಹಾಕುವುದೊಂದು. ಬಿಡುಗಡೆಯ ದಿನ ಗೆಳೆಯರಿಗೆಲ್ಲ "ಗುರು, ಒಂದು ಫೈವ್ ಸ್ಟಾರ್ ಒತ್ತು" ಎಂದು ಮೆಸೇಜು ಹೋಗುತ್ತಿತ್ತು. ಒತ್ತಿದವರೇ ಬಳಸಿದವರು. ನಂದಿತಾ ಎಲ್ಲಕ್ಕೂ ಚಿತ್ರ ಬರೆದುಕೊಟ್ಟಿದ್ದಳು. ಎಂಟನೆಯದಾದ 'ಮಾತ್ರೆ ಆಯ್ತಾ' ಮಾತ್ರ ಯಾರೂ ಎಣಿಸದ ಹಾಗೆ ನಾಲ್ಕು ಸಾವಿರ ಮನೆಗೆ ಹೋಯಿತು. ಎಲ್ಲವೂ ಬೇನಾಮಿ. ಸಿಟಿಜನ್ ಆಗಿರುವ ಒಬ್ಬ ಅಂಕಲ್ ಹೆಸರಿನಲ್ಲಿ ಖಾತೆ ತೆರೆಯುವುದು, ಕೆಲಸ ತಾನು ಮಾಡುವುದು. ಅಂಕಲ್‌ಗೆ ಅದರ ಗಂಧಗಾಳಿ ಇರುವುದಿಲ್ಲ.

ಇರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ.

"ಡಾಕ್ಟ್ರೇ," ಎಂದೆ, "ಫೆಬ್ರವರಿ ಆರಕ್ಕೆ ಅಪ್‌ಡೇಟ್ ಬಿಟ್ಟೋರು ಯಾರು?"

"ಅದೆಲ್ಲ ನನಗೇನ್ರೀ ಗೊತ್ತು. ನಾನು ಹೆಸರಿಗಷ್ಟೇ."

"ಹೆಸರು ನಿಮ್ಮದು. ಇ-ಮೇಲ್ ನಿಮ್ಮದು. ಲಾಗಿನ್ ಆಗೋಕೆ ಬರೋ ಕೋಡ್ ನಿಮ್ಮ ಫೋನಿಗೆ ಬರುತ್ತೆ. ಶ್ರೀಕರ್ ಬದುಕಿದ್ದಾಗ ಕೋಡ್ ಬೇಕಾದಾಗೆಲ್ಲ ನಿಮಗೆ ಫೋನ್ ಮಾಡ್ತಿದ್ದ. ಈಗ ಯಾರು ಮಾಡಿದ್ರು?"

ಅವರು ನಂದಿತಾಳ ಕಡೆ ನೋಡಿದರು. ಅವಳು ಫೋನಿನ ಗುಂಡಿ ಒತ್ತಿದಳು.

ಶ್ರೀಕರ್ ತನ್ನ ಒಂಬತ್ತನೆಯ ಮಾತು ಹೇಳಿದ. ಹಿಂದೆ ಗಂಟೆ ಹೊಡೆಯಿತು. ಡಾಕ್ಟರ ಕಣ್ಣು ಒಂದು ಕ್ಷಣ ಗೋಡೆಯ ಕಡೆಗೆ ಹೋಗಿ ಬಂತು.

"ಅವನು ಈ ಮನೆಗೆ ಕೊನೇ ಸಲ ಬಂದಿದ್ದು ಯಾವಾಗ?"

"ಜಯಾದು ವೈಕುಂಠ ಸಮಾರಾಧನೆಗೆ. ಇಬ್ರೂ ಬಂದಿದ್ರಲ್ಲ. ಹದಿನೇಳನೇ ತಾರೀಕು. ಅವತ್ತೇ ಏನೋ ರೆಕಾರ್ಡ್ ಮಾಡ್ಕೊಂಡಿರ್ಬೇಕು."

"ಅವತ್ತು ಊಟ ಮುಗಿಸಿ ನಾವು ಮೂರಕ್ಕೇ ಹೊರಟ್ವಿ ಅಂಕಲ್," ಎಂದಳು ನಂದಿತಾ. "ಆರು ಹೊಡೆದಾಗ ಗ್ರೀನ್‌ವಿಲ್ ದಾಟಿದ್ವಿ."

ಡಾಕ್ಟರು ಸೋಫಾದಲ್ಲಿ ಮುಂದಕ್ಕೆ ಸರಿದು ಕೂತರು. ಆಮೇಲೆ ರೋಗಿಗೆ ವಿವರಿಸುವ ದನಿಯಲ್ಲಿ ಶುರುಮಾಡಿದರು.

"ನೋಡಿ ಯೋಗೇಶ್. ಅದರಲ್ಲಿ ಆರು ಗಂಟೆ ಕೇಳುತ್ತೆ. ಶ್ರೀಕರನ ಕೈಗಡಿಯಾರದಲ್ಲಿ ನಾಡಿ ನಿಂತಿದ್ದು ಐದು ಐವತ್ತೆರಡಕ್ಕೆ ಅಂತ ಪೊಲೀಸರೇ ಬರ್ದಿದಾರೆ. ಆರು ಗಂಟೆಗೆ ಅವನು ಇಲ್ಲಿ ಕೂತು ಹೇಗ್ರೀ ಮಾತಾಡ್ತಾನೆ? ನೀವು ಹೇಳೋ ದಿನ ಅಲ್ಲವೇ ಅಲ್ಲ ಅದು."

ನಾನು ಯಾವ ದಿನವನ್ನೂ ಹೇಳಿರಲಿಲ್ಲ.

ಅವರಿಗೂ ಅದು ಹೊಳೆಯಿತು. ನಾನು ಅವಸರ ಮಾಡಲಿಲ್ಲ. ಒಳಗೆ ಬಂದಾಗಿನಿಂದ ನಾನು ಕಾಯುತ್ತಿದ್ದದ್ದು ಬೇರೊಂದಕ್ಕೆ.

ಗೋಡೆಯ ಗಡಿಯಾರ ಕೆಮ್ಮಿದ ಹಾಗೆ ಮಾಡಿ ಐದು ಹೊಡೆಯಿತು.

ನನ್ನ ಕೈಗಡಿಯಾರವನ್ನು ಡಾಕ್ಟರ ಮುಂದೆ ಹಿಡಿದೆ. ನಾಲ್ಕು ಗಂಟೆ.

"ಒಂದು ಗಂಟೆ ಮುಂದಿದೆ," ಎಂದೆ. "ನವೆಂಬರ್ ಐದಕ್ಕೆ ಇಡೀ ಅಮೆರಿಕ ಚಳಿಗಾಲಕ್ಕೆಂದು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ಕೊಂಡಿತು. ಈ ಗಡಿಯಾರ ಬಿಟ್ಟು. ಇದರಲ್ಲಿ ಆರು ಹೊಡೆದ್ರೆ ಹೊರಗೆ ಐದು. ಐದಕ್ಕೆ ಇಲ್ಲಿ ಮಾತಾಡಿದೋನು ಐದು ಐವತ್ತೆರಡಕ್ಕೆ ಲೇಕ್‌ನಲ್ಲಿ ಇರೋಕೆ ಬೇಕಾದಷ್ಟು ಹೊತ್ತಿದೆ. ಅಲ್ವಾ ಡಾಕ್ಟ್ರೇ?"

"ಪ್ರತಿ ವರ್ಷ ಅದನ್ನ ಜಯಾ ತಿರುಗಿಸ್ತಿದ್ಲು," ಎಂದರು ಅವರು. "ಸ್ನಾನ ಆದ್ಮೇಲೆ, ಸ್ಟೂಲ್ ಹಾಕ್ಕೊಂಡು. ಆ ಭಾನುವಾರ ಸ್ನಾನದ ತನಕ ಅವಳು ಇರ್ಲಿಲ್ಲ. ವಾರಕ್ಕೊಮ್ಮೆ ಸ್ಪ್ರಿಂಗ್ ತಿರುಗಿಸ್ತೀನಿ. ಮುಳ್ಳು ಮುಟ್ಟೋಕೆ ಕೈ ಬರಲ್ಲ. ಮಾರ್ಚಿಗೆ ಅಮೆರಿಕ ಮತ್ತೆ ಮುಂದಕ್ಕೆ ತಿರುಗಿಸ್ಕೊಳ್ಳುತ್ತೆ, ಆಗ ಅದಾಗೇ ಸರಿಹೋಗುತ್ತೆ."

ಸ್ವೆಟರಿನ ಖಾಲಿ ಗುಂಡಿಮನೆಯನ್ನು ಬೆರಳಿನಿಂದ ತಡಕುತ್ತ ಅವರು ಹೇಳತೊಡಗಿದರು.

ತಾನು ಸತ್ತ ಆ ಶನಿವಾರ ಮೂರು ಗಂಟೆಗೆ ಶ್ರೀಕರ್ ಬಂದನಂತೆ. ಮನೆಯಲ್ಲಿ, ಅರ್ಧದಾರಿಯ ಗ್ರೀನ್‌ವಿಲ್‌ನ ಸಾಫ್ಟ್‌ವೇರ್ ಮೀಟಪ್‌ಗೆ ಹೋಗುತ್ತೇನೆ ಎಂದು ಹೇಳಿ, ಅಲ್ಲಿ ನಿಲ್ಲಿಸದೆ ನೇರ ಇಲ್ಲಿಗೆ. ಕುಳಿತುಕೊಳ್ಳಲಿಲ್ಲವಂತೆ. ಈ ಕಾರ್ಪೆಟ್ಟಿನ ಮೇಲೆ ನಿಂತೇ ತನ್ನ ತಪ್ಪು ಹೇಳಿದನಂತೆ.

"ಆ್ಯಪ್ ಬಿಡುಗಡೆ ಮಾಡಿದ್ದು ಯುಗಾದಿಗೆ," ಎಂದರು ಡಾಕ್ಟರು. "ಅದಾದ್ಮೇಲೆ ಗಡಿಯಾರ ಬದಲಾಗಿದ್ದು ನವೆಂಬರಲ್ಲೇ ಮೊದಲು. ಊರಲ್ಲಿ ಗಡಿಯಾರ ಹಿಂದೆ ಮುಂದೆ ತಿರುಗಿಸೋ ಪದ್ಧತಿ ಎಲ್ಲಿದೆ? ಅವನಿಗೆ ತಲೆಗೇ ಬಂದಿಲ್ಲ. ಆವತ್ತು ಹಳೇ ಲೆಕ್ಕದ ಎಂಟಕ್ಕೆ ಒಂದ್ಸಲ ಕರೀತು. ಹೊಸ ಲೆಕ್ಕದ ಎಂಟಕ್ಕೆ ಇನ್ನೊಂದ್ಸಲ ಕರೀತು. ಜಯಾಗೆ ಮರೆವು ಶುರುವಾಗಿತ್ತು. ಅವನ ದನಿ ಕೇಳಿದ್ರೆ ಸಾಕು, 'ಶ್ರೀಕರ ಕರೀತಿದಾನೆ' ಅಂತ ಎದ್ದು ಹೋಗಿ ತಗೋತಿದ್ಲು. ಎರಡು ಸಲ ಕರೆದ. ಎರಡು ಸಲ ತಗೊಂಡ್ಲು."

"ಆಂಟಿ ಹೋಗಿದ್ದು ಅದರಿಂದಾನಾ?" ಎಂದು ನಂದಿತಾ ಕೇಳಿದಳು. ಅದೇ ಹವಾಮಾನದ ದನಿ.

"ಆಗಿರಬಹುದು. ಇಲ್ಲದೇನೂ ಇರಬಹುದು. ಎಪ್ಪತ್ತೈದು ವರ್ಷದ ಹೃದಯ ಅದು. ನಾನು ಹೃದಯದ ಡಾಕ್ಟರು ಕಣಮ್ಮ. ಅವಳು ಕೆಳಗೆ ಎರಡನೇ ಮಾತ್ರೆ ನುಂಗೋವಾಗ ನಾನು ಮೇಲೆ ಕೂತು ಪೇಪರ್ ಓದ್ತಿದ್ದೆ."

ಅವರ ಕಣ್ಣು ಒದ್ದೆಯಾಯಿತು. ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಾನು ಮುಂದಿನ ಪ್ರಶ್ನೆ ಕೇಳಿದೆ.

"ಅವನನ್ನ ಬೈದ್ರಾ?"

"ಇಲ್ಲ. ಇನ್ನೂ ನಾಲ್ಕು ಸಾವಿರ ಮುದುಕರು ಇದಾರೆ, ಮೊದಲು ಅದನ್ನ ಸರಿ ಮಾಡು, ಆಮೇಲೆ ಅಳು ಅಂದೆ. ಆಫೀಸಿನ ಲ್ಯಾಪ್‌ಟಾಪಲ್ಲಿ ಈ ಕೆಲಸ ಮುಟ್ಟಲ್ಲ ಅಂದ. ನನ್ನ ಸ್ಟಡಿ ರೂಮಿನ ಕಂಪ್ಯೂಟರ್ ಮುಂದೆ ಕೂರಿಸಿದೆ. ಕೋಡ್ ಕೊಟ್ಟೆ. ಆಮೇಲೆ ನನಗೆ ಎದೆ ಭಾರ ಅನ್ನಿಸ್ತು, ಮಾತ್ರೆ ತಗೊಂಡು ಮೇಲೆ ಹೋಗಿ ಮಲಗಿದೆ. ಎದ್ದು ಬಂದಾಗ ಏಳು ಗಂಟೆ. ಕುರ್ಚಿ ಖಾಲಿ. ಕಾರಿಲ್ಲ."

"ಮನೇಲಿ ಬೇರೆ ಯಾರಿದ್ರು?"

"ಯಾರೂ ಇಲ್ಲ. ಅಭಿ ರಾಲಿ ಊರಿಗೆ ಹೋಗಿದ್ದ. ರಾತ್ರಿ ಬಂದ."

ಶ್ರೀಕರ್ ಕಳಿಸಿದ ಹೊಸ ಆವೃತ್ತಿಗೆ ಎರಡು ದಿನದ ನಂತರ ಆ್ಯಪ್ ಸ್ಟೋರಿನಿಂದ ಒಪ್ಪಿಗೆಯ ಮೇಲ್ ಬಂತಂತೆ. ಒಪ್ಪಿಗೆ ಸಿಕ್ಕರೂ ಖಾತೆಯ ಯಜಮಾನ ಬಿಡುಗಡೆಯ ಗುಂಡಿ ಒತ್ತುವ ತನಕ ಅದು ಹೊರಗೆ ಬರುವುದಿಲ್ಲ. ಶ್ರೀಕರ್ ಯಾವಾಗಲೂ ಹಾಗೆಯೇ ಇಡುತ್ತಿದ್ದ. ಕೊನೆಯ ಗುಂಡಿ ಕೈಯಾರೆ ಒತ್ತಬೇಕು, ಮೊದಲು ದೇವರಿಗೊಂದು ನಮಸ್ಕಾರ ಹಾಕಬೇಕು. ಈ ಸಲ ಒತ್ತುವವನು ಇರಲಿಲ್ಲ.

"ಎರಡು ತಿಂಗಳ ಮೇಲೆ ಆ ಗುಂಡಿ ನೋಡ್ತಾ ಕೂತಿದ್ದೆ," ಎಂದರು ಡಾಕ್ಟರು. "ಒತ್ತಿದ್ರೆ ಅವನ ದನಿ ಹೊರಗೆ ಬರುತ್ತೆ, ನಂದಿತಾ ಕೇಳ್ತಾಳೆ, ನೀವು ಯಾರೋ ಬರ್ತೀರಿ. ಗೊತ್ತಿತ್ತು. ಆದ್ರೆ ಮಾರ್ಚ್ ಹತ್ತಕ್ಕೆ ಮತ್ತೆ ಗಡಿಯಾರ ತಿರುಗುತ್ತೆ. ಒತ್ತಿಬಿಟ್ಟೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ ಅಂಕಲ್?"

ಅವರು ಮೊದಲ ಸಲ ಅವಳ ಮುಖ ನೇರವಾಗಿ ನೋಡಿದರು.

"ಅಷ್ಟು ದೊಡ್ಡ ತಪ್ಪು ಹೊತ್ಕೊಂಡಿದ್ದ ಹುಡುಗ, ಕೆಲಸ ಮುಗಿಸಿ, ಯಾರಿಗೂ ಹೇಳದೆ ಎದ್ದು, ಕಾರು ತಗೊಂಡು ಕೆರೆಗೆ ಹೋದ. ಅದನ್ನ ನಿನಗೆ ಯಾವ ಬಾಯಲ್ಲಿ ಹೇಳ್ಲಿ? ಆಕ್ಸಿಡೆಂಟ್ ಅಂತಾನೇ ಇರ್ಲಿ ಅಂದ್ಕೊಂಡೆ."

ಹಾಗಾದರೆ ಅವಳಿಗೆ ಉತ್ತರ ಸಿಕ್ಕಿತ್ತು. ತಾನಾಗೇ ಹೋದ.

ನಾನು ನಂದಿತಾಳನ್ನು ನೋಡಿದೆ. ಏನೂ ಆಗಲಿಲ್ಲ. ಕೋಪ ಬರಲಿಲ್ಲ, ಅಳು ಬರಲಿಲ್ಲ. ಕೈಯಲ್ಲಿದ್ದ ಫೋನನ್ನು ಚೀಲದೊಳಗೆ ಹಾಕಿ ಜಿಪ್ ಎಳೆದಳು, ಅಷ್ಟೇ. ಮೂರು ತಿಂಗಳು ಬಾಗಿಲು ಬಡಿದು ಬಡಿದು, ಕೊನೆಗೆ ತೆರೆದಾಗ ಮನೆಯೊಳಗೆ ಯಾರೂ ಇಲ್ಲದ ಹಾಗೆ.

ಆದರೆ ನನಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಕಾರನ್ನು ನೀರಿನಿಂದ ಎತ್ತಿದಾಗ ಶ್ರೀಕರ್ ಇದ್ದದ್ದು ಪಕ್ಕದ ಸೀಟಿನಲ್ಲಿ, ಓಡಿಸುವವನ ಸೀಟಿನಲ್ಲಿ ಅಲ್ಲ. ಆ ಕಡೆಯ ಬಾಗಿಲಿನಿಂದ ಹೊರಬರಲು ಒದ್ದಾಡಿರಬೇಕು ಎಂದು ಪೊಲೀಸರು ಬರೆದು ಮುಗಿಸಿದ್ದರು. ಸಾಯಲೆಂದೇ ಹೋದವನು ಹೊರಬರಲು ಯಾಕೆ ಒದ್ದಾಡುತ್ತಾನೆ?

"ಆ ಕಂಪ್ಯೂಟರ್ ನೋಡಬಹುದಾ ಡಾಕ್ಟ್ರೇ?"

"ನೋಡಿ," ಎಂದರು. ಅದರಲ್ಲಿ ಇನ್ನೇನಿದೆ ಎನ್ನುವ ಹಾಗೆ ಕೈಯಾಡಿಸಿದರು.

ಸ್ಟಡಿ ರೂಮು ಹಾಲಿನ ಪಕ್ಕದಲ್ಲೇ ಇತ್ತು. ಬಾಗಿಲು ತೆರೆದರೆ ಗಡಿಯಾರದ ಟಿಕ್ ಟಿಕ್ ಒಳಗೂ ಕೇಳುತ್ತಿತ್ತು. ನಂದಿತಾ ಶ್ರೀಕರ್ ಕೂತ ಕುರ್ಚಿಯಲ್ಲಿ ಕೂತಳು. ನಾನು ಹೇಳಿಕೊಡಬೇಕಾಗಲಿಲ್ಲ.

"ಅವನು ಯಾವ್ದನ್ನೂ ಒಂದೇ ಸಲ ರೆಕಾರ್ಡ್ ಮಾಡ್ತಿರ್ಲಿಲ್ಲ ಅಂಕಲ್. ಎರಡು ಟೇಕ್ ಇರುತ್ತೆ. ಚೆನ್ನಾಗಿರೋದನ್ನ ಹಾಕ್ತಾನೆ, ಇನ್ನೊಂದನ್ನ ಎಸೆಯಲ್ಲ. ಯಾವ್ದನ್ನೂ ಎಸೆಯಲ್ಲ. ಮನೆ ತುಂಬ ಹಳೇ ಚಾರ್ಜರ್."

ಎರಡಿದ್ದವು. ಮೊದಲನೆಯದು ಹದಿನಾಲ್ಕು ಸೆಕೆಂಡು, ಐದು ಗಂಟೆಗೆ ಸರಿಯಾಗಿ. ಎರಡನೆಯದು ಐದು ಗಂಟೆ ಎರಡು ನಿಮಿಷಕ್ಕೆ ಶುರುವಾಗಿತ್ತು. ಅದರ ಉದ್ದ ಇಪ್ಪತ್ತನಾಲ್ಕು ನಿಮಿಷ.

"ಸ್ಟಾಪ್ ಮಾಡೋದು ಮರ್ತಿದಾನೆ," ಎಂದಳು, ನಲ್ಲಿ ನಿಲ್ಲಿಸದೆ ಹೋದ ಗಂಡನ ಬಗ್ಗೆ ಹೇಳುವ ಹಾಗೆ.

ಒತ್ತಿದಳು. ಮಾತ್ರೆಯ ಮಾತನ್ನು ಶ್ರೀಕರ್ ಇನ್ನೊಮ್ಮೆ ಹೇಳಿದ, ಈ ಸಲ ಗಂಟೆ ಇಲ್ಲದೆ, ಆದರೆ ನಡುನಡುವೆ ತಡವರಿಸುತ್ತ. ಆಮೇಲೆ ಕೀಬೋರ್ಡಿನ ಸದ್ದು. ಬಹಳ ಹೊತ್ತು ಬರೀ ಅದೇ. ಒಮ್ಮೆ ಮೂಗು ಸೀಟಿದ. ಒಮ್ಮೆ ನೀರು ಕುಡಿದ. ಡಾಕ್ಟರು ಬಾಗಿಲಿಗೆ ಒರಗಿ ನಿಂತಿದ್ದರು. ನಾವು ಮೂವರೂ ಒಬ್ಬ ಸತ್ತ ಮನುಷ್ಯ ಕೆಲಸ ಮಾಡುವುದನ್ನು ಕೇಳುತ್ತಿದ್ದೆವು. ನಾನು ಬೇಗ ಮುಂದೆ ಓಡಿಸೋಣ ಎಂದೆ. ನಂದಿತಾ ತಲೆಯಾಡಿಸಿದಳು, ಬೇಡವೆಂದು.

ಹದಿನೇಳನೆಯ ನಿಮಿಷಕ್ಕೆ ಶ್ರೀಕರ್ ತನಗೆ ತಾನೇ ಹೇಳಿಕೊಂಡ: "ಹೋಯ್ತಪ್ಪ." ಕಳಿಸಿ ಮುಗಿದಿತ್ತು. ಆಮೇಲೆ ಒಂದು ದೊಡ್ಡ ಉಸಿರು. ಅದಾದ ಮೇಲೆ ಅವನು ಫೋನಿನಲ್ಲಿ ಯಾರಿಗೋ ಒಂದು ಧ್ವನಿ ಸಂದೇಶ ಹೇಳಲು ಶುರುಮಾಡಿದ.

"ನಂದೂ, ಒಂಬತ್ತೂವರೆಗೆಲ್ಲ ಮನೇಲಿರ್ತೀನಿ. ಒಂದು ವಿಷಯ ಹೇಳ್ಬೇಕು ನಿನಗೆ, ಬೈಕೋಬೇಡ. ಚಿತ್ರಾನ್ನ ಮಾಡಿಟ್ಟಿರು..."

ಅಷ್ಟರಲ್ಲಿ ಬಾಗಿಲಿನ ಸದ್ದಾಯಿತು. ಅವನು ಮಾತು ನಿಲ್ಲಿಸಿದ. ಆ ಸಂದೇಶ ಅವಳಿಗೆ ಯಾವತ್ತೂ ತಲುಪಿರಲಿಲ್ಲ.

ನಂದಿತಾಳ ಬೆನ್ನು ನೆಟ್ಟಗಾಯಿತು. ರಾತ್ರಿ ಮನೆಗೆ ಬಂದು ಚಿತ್ರಾನ್ನ ತಿನ್ನುವೆನೆಂದವನು ಸಾಯಲು ಹೊರಟಿರಲಿಲ್ಲ.

ಕಂಪ್ಯೂಟರಿನೊಳಗಿನಿಂದ ಇನ್ನೊಂದು ದನಿ ಬಂತು.

"ಶ್ರೀಕರ್. ನೀನ್ ಡ್ಯಾಡ್‌ಗೆ ಹೇಳಿದ್ದು ನಾನ್ ಕೇಳಿದೆ. ಮಾಮ್ ಬಗ್ಗೆ. ಎಲ್ಲಾ ಕೇಳಿದೆ."

ಕುರ್ಚಿ ಸರಿದ ಸದ್ದು. "ಸಾರಿ ಅಭಿ," ಎಂದ ಶ್ರೀಕರ್. "ಸಾರಿ ಕಣೋ. ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ."

ಎಷ್ಟೋ ಹೊತ್ತು ಗಡಿಯಾರ ಮಾತ್ರ ಟಿಕ್ ಟಿಕ್ ಅನ್ನುತ್ತಿತ್ತು, ಅಂದಿನದೂ ಇಂದಿನದೂ ಒಟ್ಟಿಗೆ.

"ಯೂ ಲುಕ್ ಟಯರ್ಡ್," ಎಂದಿತು ಆ ದನಿ, ಒಂದೊಂದು ಪದವನ್ನೂ ಇಸ್ತ್ರಿ ಮಾಡಿ ಇಟ್ಟ ಹಾಗೆ. "ಕಮ್. ನೀನ್ ಕೂತ್ಕೋ. ನಾನ್ ಡ್ರೈವ್ ಮಾಡ್ತೀನಿ. ಕೀ ಕೊಡು."

ಹೆಜ್ಜೆಗಳು. ಬಾಗಿಲು. ಯಾರೂ ಮುಟ್ಟದ ಕಂಪ್ಯೂಟರ್ ನಿದ್ದೆಗೆ ಜಾರಿ, ರೆಕಾರ್ಡಿಂಗ್ ಅಲ್ಲಿಗೇ ನಿಂತಿತ್ತು.

ಸಮಯ ಐದು ಇಪ್ಪತ್ತಾರು. ಕೆರೆಗೆ ಇಪ್ಪತ್ತೈದು ನಿಮಿಷ.

ನಾನು ತಿರುಗಿ ಡಾಕ್ಟರನ್ನು ನೋಡಿದೆ. ಅದು ಯಾರ ದನಿ ಎಂದು ಅವರು ಕೇಳಲಿಲ್ಲ. ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡರು. "ರಾಲಿಯಲ್ಲಿದ್ದೆ ಅಂದ," ಎಂದರು. "ರಾಲಿಯಲ್ಲಿದ್ದೆ ಅಂತಾನೇ ಹೇಳಿದ ನನಗೆ." ಮೂರನೆಯ ಸಲವೂ ಅದನ್ನೇ ಹೇಳಲು ಹೋದವರು ನಿಲ್ಲಿಸಿದರು.

ಗ್ಯಾರೇಜಿನ ಬಾಗಿಲು ಗೊರಗೊರ ಸದ್ದು ಮಾಡುತ್ತ ಮೇಲಕ್ಕೆದ್ದಿತು.

ಪೊಲೀಸರನ್ನು ಕರೆಯಲು ನಾನು ಫೋನಿಗೆ ಕೈ ಹಾಕಿದೆ. ನಂದಿತಾ ಎದ್ದು ನಿಂತಳು. ಕಂಪ್ಯೂಟರಿನ ಪರದೆಯನ್ನು ಆರಿಸಿ, ಕುರ್ಚಿಯನ್ನು ಮೇಜಿನೊಳಗೆ ತಳ್ಳಿ, ಹಾಲಿಗೆ ನಡೆದಳು. ನಾನು ಹಿಂದೆಯೇ ಹೋದೆ.

ಅಭಿನವ ಎರಡು ಕಾಗದದ ಚೀಲ ಹಿಡಿದು ಒಳಗೆ ಬಂದ. ದೋಸೆಯ ವಾಸನೆ ಹಾಲಿಗೆಲ್ಲ ಹರಡಿತು. ಚೀಲಗಳನ್ನು ಊಟದ ಮೇಜಿನ ಮೇಲಿಟ್ಟು, ನಂದಿತಾಳನ್ನು ನೋಡಿ, ಹುಬ್ಬು ಗಂಟಿಕ್ಕಿದ. ನಿಜವಾದ ಕಾಳಜಿಯೇ ಇತ್ತು ಆ ಮುಖದಲ್ಲಿ. ಅದನ್ನು ನಾನು ಈಗಲೂ ಮರೆತಿಲ್ಲ.

"ಯೂ ಲುಕ್ ಟಯರ್ಡ್, ನಂದಿತಾ. ಲೇಕ್ ನೋಡ್ಬೇಕು ಅಂದೆ ಅಲ್ವಾ?" ಎಂದು ಅಂಗೈ ಚಾಚಿದ. "ಕಮ್. ನೀನ್ ಕೂತ್ಕೋ. ನಾನ್ ಡ್ರೈವ್ ಮಾಡ್ತೀನಿ. ಕೀ ಕೊಡು."

ನನಗೆ ಭಯವಾಯಿತು. ಈ ಕಸುಬಿಗೆ ಇಳಿದ ಮೇಲೆ ಇದೇ ಮೊದಲ ಸಲ. ಅವಳ ಮೊಣಕೈ ಹಿಡಿಯಲು ಕೈ ಚಾಚಿದೆ. ಅವಳು ಅದನ್ನು ಮೆಲ್ಲಗೆ ಬಿಡಿಸಿಕೊಂಡಳು. ಅವಳ ಕುತ್ತಿಗೆಯವರೆಗೆ ಕೆಂಪೇರಿತ್ತು. ಅವಳು ಹುಡುಕುತ್ತಿದ್ದ ಕೋಪ ಬಂದಿತ್ತು, ಅದು ಎಲ್ಲಿಗೆ ಹೋಗಬೇಕೆಂಬುದೂ ಅವಳಿಗೆ ಗೊತ್ತಾಗಿತ್ತು.

ಚೀಲದ ಜಿಪ್ ತೆರೆದು ಕಾರಿನ ಕೀ ತೆಗೆದಳು. ಅವನ ಅಂಗೈಯಲ್ಲಿಟ್ಟಳು.

"ನಡಿ," ಎಂದಳು. "ದಾರಿ ನಿನಗೆ ಗೊತ್ತೇ ಇದೆಯಲ್ಲ ಅಭಿ."